ತಿಂಥಣಿ ಬ್ರಿಜ್: ಹೊಳೆ ತುಂಬಿದ ದಿನದ ಲೆಕ್ಕ



ಕಲಬುರಗಿಯಿಂದ ಲಿಂಗಸುಗೂರು ಕಡೆ ಹೋಗೋ ಬಸ್ ಹತ್ತಿ. ಜೇವರ್ಗಿ ಆಯ್ತು, ಶಹಾಪುರ ಆಯ್ತು, ಸುರಪುರ ಆಯ್ತು. ಆಮೇಲೆ ತಿಂಥಣಿ. ಎದುರಿಗೆ ಕೃಷ್ಣಾ ನದಿ. ಬಸ್ ಸೇತುವೆ ದಾಟಿ ಆಚೆ ದಡ ಮುಟ್ಟುತ್ತೆ. ಅಲ್ಲಿ ಬರೋ ಸ್ಟಾಪಿನ ಹೆಸರೇನು ಗೊತ್ತಾ? "ತಿಂಥಣಿ ಬ್ರಿಜ್". ತಿಂಥಣಿ ಅನ್ನೋ ಊರು ಈಚೆ ದಡದಲ್ಲಿದೆ, ಯಾದಗಿರಿ ಜಿಲ್ಲೆ, ಸುರಪುರ ತಾಲೂಕು. ತಿಂಥಣಿ ಬ್ರಿಜ್ ಅನ್ನೋ ಜಾಗ ಆಚೆ ದಡದಲ್ಲಿದೆ, ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು. ಅಂದ್ರೆ ಸೇತುವೆ ಬಂದ ಮೇಲೆ ಅದರ ಹೆಸರಲ್ಲೇ ಒಂದು ನೆಲೆ ಹುಟ್ಟಿಕೊಂಡಿತು. ನಮ್ಮಲ್ಲಿ ಊರಿಗೆ ದೇವರ ಹೆಸರಿದೆ, ರಾಜರ ಹೆಸರಿದೆ, ಮರದ ಹೆಸರಿದೆ, ಕೆರೆಯ ಹೆಸರಿದೆ. ಬ್ರಿಜ್ ಅನ್ನೋ ಇಂಗ್ಲಿಷ್ ಶಬ್ದವನ್ನೇ ಜನ ಹೆಸರಾಗಿ ಒಪ್ಪಿಕೊಂಡಿದ್ದಾರೆ ಅಂದ್ರೆ, ಆ ಸೇತುವೆ ಅವರ ಬದುಕಿನಲ್ಲಿ ಎಷ್ಟು ದೊಡ್ಡದು ಅಂತ ನೀವೇ ಯೋಚನೆ ಮಾಡಿ.

ಇವತ್ತು ನಾನು ಮಾತಾಡಬೇಕು ಅಂತಿರೋದು ಆ ಸೇತುವೆ ಬಗ್ಗೆ. ಅದರ ಅಕ್ಕಪಕ್ಕದ, ಅಷ್ಟು ಅದೃಷ್ಟ ಇಲ್ಲದ ಸೇತುವೆಗಳ ಬಗ್ಗೆಯೂ.

ಮೊದಲು ಒಂದು ವಿಷಯ ಅರ್ಥ ಮಾಡ್ಕೊಳ್ಳೋಣ. ಕೃಷ್ಣಾ ನದಿ ಈ ಭಾಗದ ಜನಕ್ಕೆ ಬರೀ ನೀರಾಗಿರಲಿಲ್ಲ, ಗಡಿಯಾಗಿತ್ತು. ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರೋ ಸೀಮೆಗೆ ಹಳೇ ಕನ್ನಡದಲ್ಲಿ ಎಡೆದೊರೆ ನಾಡು ಅಂತ ಹೆಸರು. ಎರಡು ತೊರೆಗಳ ಎಡೆಯಲ್ಲಿರೋ ನಾಡು. ಈ ಎಡೆದೊರೆಗಾಗಿ ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ವಿಜಯಪುರದ ಆದಿಲ್‌ಶಾಹಿ ಸೈನ್ಯದ ಜೊತೆ ಕಾದಾಡಿದ್ದು ಇದೇ ಸೀಮೆಯಲ್ಲಿ. 1565ರ ಯುದ್ಧವನ್ನು ನಾವು ತಾಳಿಕೋಟೆ ಯುದ್ಧ ಅಂತೀವಿ, ರಕ್ಕಸ-ತಂಗಡಗಿ ಅಂತೀವಿ. ಆ ಯುದ್ಧದಲ್ಲಿ ನಿರ್ಣಾಯಕವಾದ ಒಂದು ಸಂಗತಿ ಏನು? ನದಿ ದಾಟೋದು. ವಿಜಯನಗರದವರು ಹೊಳೆ ದಾಟುವ ಜಾಗ ಕಾಯ್ತಾ ಕೂತಿದ್ದರು. ಸುಲ್ತಾನರ ಸೈನ್ಯ ಬೇರೆ ಕಡೆ ದಾಟೋ ಹಾಗೆ ಮಾಡಿ ಕಣ್ಣು ತಪ್ಪಿಸಿ ಕೃಷ್ಣೆ ದಾಟಿತು. ಮುಂದಿನದು ನಿಮಗೆ ಗೊತ್ತು.

ಇನ್ನೊಂದು. 1705ರಲ್ಲಿ ಔರಂಗಜೇಬ್ ಸುರಪುರದ ಪಕ್ಕದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಬೇಡರ ಪಿಡ್ಡ ನಾಯಕನ ಮೇಲೆ ಮಾಡಿದ ಯುದ್ಧ ಅದು. ಮುದುಕ ಬಾದಷಹನ ಕೊನೆಯ ದಂಡಯಾತ್ರೆ. ಅದು ಮುಗಿದ ಮೇಲೆ ಕೃಷ್ಣೆಯ ಹತ್ತಿರದ ದೇವಾಪುರದಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದ. ಅಲ್ಲೇ ಕಾಯಿಲೆ ಬಿದ್ದ. ಬಾದಷಹನ ಡೇರೆ ಇದ್ದ ಆ ಹೊಳೆದಂಡೆಯ ಸೀಮೆಯಲ್ಲಿ ಇವತ್ತು ನಮ್ಮ ಕೆಂಪು ಬಸ್ಸು ಓಡಾಡ್ತಿದೆ.

ರಾಜರಿಗೇ ಈ ಹೊಳೆ ಇಷ್ಟು ಕಷ್ಟ ಕೊಟ್ಟರೆ ಸಾಮಾನ್ಯ ಜನದ ಗತಿ ಏನು? ಬೇಸಿಗೆಯಲ್ಲಿ ನೀರು ಕಡಿಮೆ, ಬಂಡೆ ಮೇಲೆ ಕಾಲಿಟ್ಟು ದಾಟಬಹುದು. ಮಳೆಗಾಲದಲ್ಲಿ ಹರಗೋಲು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಮಾಡಿದ ದುಂಡನೆಯ ದೋಣಿ. ಹೊಳೆ ಬಂತು ಅಂದ್ರೆ ಅದೂ ಇಲ್ಲ. ಈ ಭಾಗದಲ್ಲಿ "ಹೊಳಿ ಬಂದೈತಿ" ಅಂದ್ರೆ ಪ್ರವಾಹ ಬಂದಿದೆ ಅಂತ ಅರ್ಥ. ನದಿ ಹೇಗೂ ಅಲ್ಲೇ ಇರುತ್ತಲ್ಲ, ಬರೋದೇನು ಅಂತ ಬೆಂಗಳೂರಿನವರು ಕೇಳಬಹುದು. ಅಲ್ಲಿನವರಿಗೆ ಅದು ಬರೋದೇ. ಬಂದರೆ ದಾರಿ ಮುಚ್ಚಿತು ಅಂತಲೇ ಲೆಕ್ಕ. ಹೊಳೆ ಆಚೆಗೆ ಮಗಳನ್ನು ಕೊಡೋಕೆ ತಂದೆ ತಾಯಿ ಯಾಕೆ ಹಿಂದೆ ಮುಂದೆ ನೋಡ್ತಾರೆ ಅಂತ ಆಗ ಅರ್ಥ ಆಗುತ್ತೆ. ಮಗಳಿಗೆ ಹುಷಾರಿಲ್ಲ ಅಂತ ಸುದ್ದಿ ಬಂದರೆ ತಾಯಿ ದಂಡೆ ಮೇಲೆ ಕೂತು ನೀರು ಇಳಿಯೋದನ್ನ ಕಾಯಬೇಕು.

ಈಗ ಸೇತುವೆ ಏನು ಮಾಡಿದೆ ನೋಡೋಣ.

ಕಲಬುರಗಿಯಿಂದ ಬಳ್ಳಾರಿ ಕಡೆಗಿನ ದಾರಿ ಮೂರು ದೊಡ್ಡ ನದಿಗಳನ್ನು ದಾಟುತ್ತೆ. ಜೇವರ್ಗಿಗಿಂತ ಮೊದಲು ಕಟ್ಟಿಸಂಗಾವಿಯಲ್ಲಿ ಭೀಮಾ. ತಿಂಥಣಿಯಲ್ಲಿ ಕೃಷ್ಣಾ. ಸಿಂಧನೂರು ದಾಟಿದ ಮೇಲೆ ದಢೇಸುಗೂರಿನಲ್ಲಿ ತುಂಗಭದ್ರಾ. ಮೂರು ಸೇತುವೆ, ಮೂರು ಗಂಟು. ಇದರಲ್ಲಿ ಒಂದು ಗಂಟು ಬಿಚ್ಚಿದರೂ ಕಲ್ಯಾಣ ಕರ್ನಾಟಕದ ಉತ್ತರ ಭಾಗ ಒಂದು ಕಡೆ, ದಕ್ಷಿಣ ಭಾಗ ಇನ್ನೊಂದು ಕಡೆ.

ಈ ಸೇತುವೆ ದಾಟೋರು ಯಾರು? ಲಿಂಗಸುಗೂರಿನ ಒಬ್ಬ ರೈತನಿಗೆ ಜಮೀನಿನ ವ್ಯಾಜ್ಯ ಇದೆ, ಹೈಕೋರ್ಟ್‌ಗೆ ಹೋಗಬೇಕು ಅಂದ್ಕೊಳ್ಳಿ. 2008ಕ್ಕಿಂತ ಮೊದಲು ಆತ ಬೆಂಗಳೂರಿಗೆ ಹೋಗಬೇಕಿತ್ತು. ಆ ವರ್ಷ ಕಲಬುರಗಿಯಲ್ಲಿ ಹೈಕೋರ್ಟ್ ಪೀಠ ಶುರುವಾಯ್ತು. ಈಗ ಆತ ಬೆಳಗ್ಗೆ ಎದ್ದು ತಿಂಥಣಿ ದಾಟಿ ಕಲಬುರಗಿಗೆ ಹೋಗ್ತಾನೆ. ಎದೆ ನೋವು ಅಂದವರನ್ನು ಎಲ್ಲಿಗೆ ಕರ್ಕೊಂಡು ಹೋಗಬೇಕು? ಕಲಬುರಗಿಯ ಜಯದೇವ ಆಸ್ಪತ್ರೆಗೆ. 2024ರ ಡಿಸೆಂಬರ್‌ನಲ್ಲಿ ಅದರ ಹೊಸ ಕಟ್ಟಡ ಉದ್ಘಾಟನೆ ಆಯ್ತು. ಪೀಠ ಬಂತು, ಆಸ್ಪತ್ರೆ ಬಂತು, ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಆದರೆ ಹೊಳೆಯ ದಕ್ಷಿಣಕ್ಕಿರೋ ಮನುಷ್ಯನಿಗೆ ಇವೆಲ್ಲ ಸಿಕ್ಕಿದ್ದು ಸೇತುವೆ ಇದೆ ಅನ್ನೋ ಕಾರಣಕ್ಕೆ. ಸೇತುವೆ ಇಲ್ಲದಿದ್ದರೆ ಕಲಬುರಗಿ ಅವನಿಗೆ ನಕ್ಷೆಯಲ್ಲಿ ಮಾತ್ರ ಹತ್ತಿರ.

ಹೊಳೆ ಈಚೆ ಏನಾಗಿದೆ? 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ನಾರಾಯಣಪುರದಲ್ಲಿ ಬಸವಸಾಗರ ಜಲಾಶಯ ಎದ್ದಿತು. ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರದ ಎರೆಹೊಲಗಳಿಗೆ ನೀರು ಹರಿಯಿತು. ಬಲದಂಡೆ ಕಾಲುವೆಯಿಂದ ಲಿಂಗಸುಗೂರು, ದೇವದುರ್ಗದ ಹೊಲಗಳಿಗೆ. ಜೋಳ, ಸಜ್ಜೆ ಬೆಳೀತಿದ್ದ ಕಡೆ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಬೆಳೆದದ್ದು ಮಾರಬೇಕಲ್ಲ? ಅಕ್ಕಿ ಗಿರಣಿಗಳಿರೋದು ಸಿಂಧನೂರು, ಕಾರಟಗಿ, ಗಂಗಾವತಿ ಕಡೆ. ಹತ್ತಿಗೆ ದೊಡ್ಡ ಮಾರುಕಟ್ಟೆ ರಾಯಚೂರು. ಎಲ್ಲವೂ ಹೊಳೆ ಆಚೆ. ನೀರು ಕಾಲುವೆಯಿಂದ ಬಂತು, ಆದರೆ ದುಡ್ಡು ಬಂದಿದ್ದು ಸೇತುವೆ ಮೇಲಿಂದ. ಇದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ.

ಇನ್ನು ಮನಸ್ಸುಗಳ ವಿಷಯ. ತಿಂಥಣಿ ಅಂದ್ರೆ ಮೌನೇಶ್ವರ. ಸುರಪುರ ತಾಲೂಕಿನ ದೇವರಗೋನಾಲದಲ್ಲಿ ಹುಟ್ಟಿ, ತಿಂಥಣಿಯಲ್ಲಿ ನೆಲೆ ನಿಂತ ಸಂತ. ವಿಶ್ವಕರ್ಮ ಮನೆತನದವರು. ಹಿಂದೂಗಳಿಗೆ ಮೌನೇಶ್ವರ, ಮುಸ್ಲಿಮರಿಗೆ ಪೀರ. ಫೆಬ್ರವರಿ ಹೊತ್ತಿಗೆ ಜಾತ್ರೆ ನಡೆಯುತ್ತೆ. ಅಲ್ಲಿ ಭಕ್ತರು ಕೂಗುವ ಜಯಘೋಷದಲ್ಲಿ ಓಂ ಕೂಡ ಇದೆ, ಪೀರ್ ಕೂಡ ಇದೆ. ಆಚೆ ದಡದಲ್ಲಿ, ತಿಂಥಣಿ ಬ್ರಿಜ್‌ನಲ್ಲಿ, ಕಾಗಿನೆಲೆ ಕನಕ ಗುರುಪೀಠದ ಕಲಬುರಗಿ ವಿಭಾಗದ ಮಠ ಇದೆ. ಜನವರಿಯಲ್ಲಿ, ಸಂಕ್ರಾಂತಿ ಹೊತ್ತಿಗೆ, ಅಲ್ಲಿ ಹಾಲುಮತ ಸಂಸ್ಕೃತಿ ವೈಭವ ನಡೆಯುತ್ತೆ. ಈ ದಡದಲ್ಲಿ ಮೌನೇಶ್ವರ, ಆ ದಡದಲ್ಲಿ ಕನಕ. ನಡುವೆ ಹೊಳೆ, ಹೊಳೆ ಮೇಲೆ ಸೇತುವೆ. ಒಂದು ಕಾಲದಲ್ಲಿ ಸೈನ್ಯಗಳು ಎದುರುಬದುರು ನಿಂತ ನದಿಯ ಎರಡೂ ದಂಡೆಗೆ ಈಗ ಜನ ಜಾತ್ರೆಗೆ ಬರ್ತಾರೆ. ಬದಲಾವಣೆ ಅಂದ್ರೆ ಇದಲ್ವಾ?

ಸೇತುವೆ ಒಂದು ಸೀಮೆಯನ್ನು ಬದಲಾಯಿಸೋದು ಬೇರೆ ಕಡೆಯೂ ನಡೆದಿದೆ. ಸ್ವೀಡನ್‌ನ ಮಾಲ್ಮೋ ಅನ್ನೋ ನಗರ. ಹಡಗು ಕಟ್ಟುವ ಕೆಲಸ ನಿಂತು ಕಂಗಾಲಾಗಿದ್ದ ಊರು. 2000ನೇ ಇಸವಿಯಲ್ಲಿ ಸಮುದ್ರದ ಜಲಸಂಧಿ ಮೇಲೆ ಸೇತುವೆ ಬಂತು, ಆಚೆ ದಡದ ಡೆನ್ಮಾರ್ಕ್‌ನ ಕೋಪನ್‌ಹೇಗನ್ ಜೊತೆ ಜೋಡಿಸಿತು. ಜನ ಒಂದು ದೇಶದಲ್ಲಿ ಮನೆ ಮಾಡಿ ಇನ್ನೊಂದು ದೇಶದಲ್ಲಿ ಕೆಲಸ ಮಾಡೋಕೆ ಶುರು ಮಾಡಿದರು. ನಮ್ಮ ದೇಶದಲ್ಲೇ ಪಾಂಬನ್ ಸೇತುವೆ. 1914ರಲ್ಲಿ ರಾಮೇಶ್ವರಕ್ಕೆ ರೈಲು ತಂದಿತು. 1964ರ ಡಿಸೆಂಬರ್‌ನ ಚಂಡಮಾರುತಕ್ಕೆ ಅದು ಹಾಳಾಯ್ತು. ಇ. ಶ್ರೀಧರನ್ ಅವರ ತಂಡ 46 ದಿನದಲ್ಲಿ ಸರಿ ಮಾಡಿತು. 2025ರ ಏಪ್ರಿಲ್‌ನಲ್ಲಿ ಹೊಸ ಸೇತುವೆಯೇ ಬಂತು.

ದೂರ ಯಾಕೆ, ನಮ್ಮ ಸಿಗಂದೂರನ್ನೇ ನೋಡಿ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ಶರಾವತಿ ಹಿನ್ನೀರು ಏರಿತು. ತುಮರಿ ಭಾಗದ ಜನ ನೀರಿನಾಚೆ ಉಳಿದರು. ರಾಜ್ಯಕ್ಕೆ ಬೆಳಕು ಕೊಟ್ಟವರು ಆರು ದಶಕ ಲಾಂಚ್‌ಗೆ ಕಾಯ್ತಾ ಕೂತರು. ಸಂಜೆ ಲಾಂಚ್ ನಿಂತರೆ ಅವರ ದಿನವೂ ನಿಂತಿತು. 2025ರ ಜುಲೈ 14ರಂದು ಎರಡು ಕಿಲೋಮೀಟರ್‌ಗೂ ಉದ್ದದ ಸೇತುವೆ ಉದ್ಘಾಟನೆ ಆಯ್ತು. ಇಡೀ ಕರ್ನಾಟಕ ನೋಡಿ ಸಂತೋಷಪಟ್ಟಿತು. ನಾನೂ ಸಂತೋಷಪಟ್ಟೆ.

ಆದರೆ ವೀಕ್ಷಕರೇ, ಸೇತುವೆಗೆ ಬೆಲೆ ಕಟ್ಟೋದು ಉದ್ಘಾಟನೆಯ ದಿನ ಅಲ್ಲ. ಹೊಳೆ ತುಂಬಿದ ದಿನ. ಬೇಸಿಗೆಯಲ್ಲಿ ಕೃಷ್ಣೆಯನ್ನು ಸೇತುವೆ ಇಲ್ಲದೆಯೂ ದಾಟಬಹುದು. ಸೇತುವೆ ಬೇಕಾಗಿರೋದೇ ಮಳೆಗಾಲಕ್ಕೆ. ಬೇಕಾದ ದಿನವೇ ಅದು ನೀರಿನಡಿ ಹೋದರೆ?

ತಿಂಥಣಿಯಿಂದ ಕೆಳಗೆ, ನದಿ ಹರಿಯುವ ದಿಕ್ಕಿನಲ್ಲಿ ಹೋಗಿ. ದೇವದುರ್ಗ ತಾಲೂಕಿನ ಹೂವಿನಹೆಡಗಿ. ಎದುರು ದಡದಲ್ಲಿ ಶಹಾಪುರ ತಾಲೂಕಿನ ಕೊಳ್ಳೂರು. ಇಲ್ಲೂ ಕೃಷ್ಣೆಗೆ ಸೇತುವೆ ಇದೆ. ದೇವದುರ್ಗದವರು ಶಹಾಪುರಕ್ಕೆ, ಕಲಬುರಗಿಗೆ ಹೋಗೋ ನೇರ ದಾರಿ ಇದು. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟಾಗ ಈ ಸೇತುವೆ ಮುಳುಗುತ್ತೆ. ಎರಡೂ ಕಡೆ ಪೊಲೀಸರು ಬ್ಯಾರಿಕೇಡ್ ಹಾಕ್ತಾರೆ. ಆ ದಡ ರಾಯಚೂರು ಜಿಲ್ಲಾಡಳಿತ, ಈ ದಡ ಯಾದಗಿರಿ ಜಿಲ್ಲಾಡಳಿತ. ಎದುರುಬದುರು ಕಾಣೋ ಊರಿಗೆ ಹೋಗೋಕೆ ತಿಂಥಣಿ ಬ್ರಿಜ್ ಸುತ್ತಿ ಬರಬೇಕು. ತಿಂಥಣಿಯಿಂದ ಮೇಲಕ್ಕೆ ಹೋದರೆ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಸೇತುವೆ. ಅದು ಮುಳುಗಿದರೆ ಹಂಚಿನಾಳ, ಯಳಗುಂದಿ, ಕಡದರಗಡ್ಡಿ ಜನಕ್ಕೆ ಸುತ್ತು ಬಳಸಿನ ದಾರಿಯೇ ಗತಿ. ಗಡ್ಡಿ ಅಂದ್ರೆ ನಡುಗಡ್ಡೆ. ಊರ ಹೆಸರಲ್ಲೇ ಕಷ್ಟ ಬರೆದಿದೆ ನೋಡಿ.

ಎಷ್ಟು ನೀರು ಬರುತ್ತೆ ಅಂತ ನಿಮಗೊಂದು ಲೆಕ್ಕ ಹೇಳ್ತೀನಿ. ಟಿವಿಯಲ್ಲಿ ಲಕ್ಷ ಕ್ಯುಸೆಕ್, ಎರಡು ಲಕ್ಷ ಕ್ಯುಸೆಕ್ ಅಂತ ಕೇಳ್ತಾ ಇರ್ತೀರಿ. ಒಂದು ಕ್ಯುಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದಾಜು 28 ಲೀಟರ್. 2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ 6 ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬಂತು. ಅಂದ್ರೆ ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಲೀಟರ್. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರೋ 12 ಸಾವಿರ ಲೀಟರ್‌ನ ಟ್ಯಾಂಕರ್ ನೋಡಿದೀರಲ್ಲ? ಅಂಥ 1,400 ಟ್ಯಾಂಕರ್ ನೀರು ಒಂದೇ ಸೆಕೆಂಡಿನಲ್ಲಿ. ನಾನು "ಒಂದು" ಅನ್ನೋಷ್ಟರಲ್ಲಿ 1,400 ಟ್ಯಾಂಕರ್ ಹೋಗಿಬಿಡ್ತು. ತಗ್ಗಿನಲ್ಲಿ ಕಟ್ಟಿದ ಸೇತುವೆ ಇದರ ಮುಂದೆ ನಿಲ್ಲುತ್ತಾ?

ಅದೇ 2019ರ ಆಗಸ್ಟ್. ದೇವದುರ್ಗ ತಾಲೂಕಿನ ಹಿರೇರಾಯನಕುಂಪಿ. ಸೇತುವೆ ಮೇಲೆ ನೀರು ಹರೀತಾ ಇದೆ. ಒಂದು ಅಂಬುಲೆನ್ಸ್ ಬಂದು ನಿಂತಿದೆ. ಒಳಗೆ ಒಬ್ಬ ಮಹಿಳೆಯ ಮೃತದೇಹ, ಜೊತೆಗೆ ಮಕ್ಕಳು. ಚಾಲಕನಿಗೆ ರಸ್ತೆ ಎಲ್ಲಿ, ಹೊಳೆ ಎಲ್ಲಿ ಗೊತ್ತಾಗ್ತಿಲ್ಲ. ಅಲ್ಲೇ ಇದ್ದ ಒಬ್ಬ ಹುಡುಗ ನೀರಿಗಿಳಿದ. 12 ವರ್ಷದ ಹುಡುಗ. ಮುಂದೆ ಮುಂದೆ ಓಡಿದ, ಬೀಳ್ತಾ ಏಳ್ತಾ ದಾರಿ ತೋರಿಸಿದ. ಅಂಬುಲೆನ್ಸ್ ಅವನ ಹಿಂದೆ ಬಂತು, ದಡ ಸೇರಿತು. ಆ ವಿಡಿಯೋ ದೇಶ ಎಲ್ಲ ನೋಡಿತು. ಹುಡುಗನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಬರಲೇಬೇಕಿತ್ತು. ಆ ಮಗುವಿಗೆ ನನ್ನ ಸಲಾಂ.

ಆದರೆ ನಾನು ಒಂದು ಪ್ರಶ್ನೆ ಕೇಳ್ತೀನಿ. ಸೇತುವೆ ಎತ್ತರವಾಗಿದ್ದಿದ್ದರೆ ಆ ಹುಡುಗ ಓಡಬೇಕಿತ್ತಾ? ಮಗುವಿನ ಧೈರ್ಯಕ್ಕೆ ಪದಕ ಕೊಟ್ಟೆವು ಸರಿ. ಆ ಧೈರ್ಯದ ಅಗತ್ಯ ಬಿದ್ದಿದ್ದು ಯಾಕೆ ಅಂತ ಕೇಳಬೇಕೋ ಬೇಡವೋ?

ಇನ್ನೊಂದು ಘಟನೆ, ಐದು ವರ್ಷ ಮೊದಲಿನದು. 2014ರ ಮಳೆಗಾಲ. ಸುರಪುರ ಸೀಮೆಯ ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿ. ಸುತ್ತ ಕೃಷ್ಣೆ, ನಡುವೆ ಊರು. ಒಂಬತ್ತು ತಿಂಗಳು ತುಂಬಿದ ಗರ್ಭಿಣಿ, ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು. ಊರಲ್ಲಿ ಆಸ್ಪತ್ರೆ ಇಲ್ಲ. ಹೊಳೆ ಬಂದಿದೆ, ದೋಣಿ ಹೋಗಲ್ಲ. ಆಕೆ ಏನು ಮಾಡಿದಳು? ಒಣಗಿದ ಸೋರೆ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಹೊಳೆಗೆ ಇಳಿದಳು. ಅಪ್ಪ, ಅಣ್ಣತಮ್ಮಂದಿರು ಸುತ್ತ ಈಜುತ್ತಾ ಬಂದರು. ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದಳು. ಪ್ರಪಂಚದ ದೊಡ್ಡ ದೊಡ್ಡ ಮಾಧ್ಯಮಗಳು ಇದನ್ನು ಸುದ್ದಿ ಮಾಡಿದವು. ಅಬ್ಬಾ ಎಂಥ ಧೈರ್ಯ ಅಂತ ಎಲ್ಲರೂ ಅಂದರು. ಧೈರ್ಯವೇ, ಸುಳ್ಳಲ್ಲ. ಆದರೆ ಆಕೆಗೆ ಸಾಹಸ ಮಾಡೋ ಆಸೆ ಇತ್ತಾ? ಹೆರಿಗೆಗೆ ಡಾಕ್ಟರ್ ಹತ್ತಿರ ಹೋಗಬೇಕಿತ್ತು, ಅಷ್ಟೇ. ಬೇರೆ ಊರಿನ ಹೆಣ್ಣುಮಕ್ಕಳು ಆಟೋ ಹತ್ತುತ್ತಾರೆ. ಈಕೆ ಹೊಳೆಗೆ ಇಳಿದಳು.

ತಿಂಥಣಿ ಬ್ರಿಜ್ ಮೇಲೆ ರಾತ್ರಿ ಹೊತ್ತು ಬಸ್ಸುಗಳು ಸಾಲಾಗಿ ಹೋಗ್ತಾವೆ. ಅದೇ ಕೃಷ್ಣೆಯ ಮಡಿಲಲ್ಲಿ, ಅದೇ ಸುರಪುರ ಸೀಮೆಯಲ್ಲಿ ಈ ಹೆಣ್ಣುಮಗಳು ಈಜಿದ್ದು. ಇದನ್ನು ಒಟ್ಟಿಗೆ ಇಟ್ಟು ನೋಡಿ. ಒಂದು ಸೇತುವೆ ಏನು ಮಾಡಬಲ್ಲದು, ಸೇತುವೆ ಇಲ್ಲದಿದ್ದರೆ ಏನಾಗುತ್ತೆ, ಎರಡೂ ಒಂದೇ ನದಿಯಲ್ಲಿ ಕಾಣ್ತಾವೆ.

ಆ ರಾತ್ರಿ ಬಸ್ಸುಗಳ ವಿಷಯವನ್ನೂ ಹೇಳಿಬಿಡ್ತೀನಿ. ಅವುಗಳಲ್ಲಿ ಯಾರಿರ್ತಾರೆ? ಬೆಂಗಳೂರಿಗೆ ದುಡಿಯೋಕೆ ಹೋಗೋರು. ಗಂಡ, ಹೆಂಡತಿ, ಮಡಿಲಲ್ಲಿ ಮಗು, ಕಾಲಡಿ ಜೋಳದ ಹಿಟ್ಟಿನ ಚೀಲ. ಇದಕ್ಕೆ ಗುಳೆ ಅಂತ ಹೆಸರು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.8. ರಾಜ್ಯದಲ್ಲೇ ಕಡೆಯ ಸ್ಥಾನ. ಎರಡು ಹೊಳೆ ಹರಿಯೋ ಜಿಲ್ಲೆ, ಕಾಲುವೆ ಇರೋ ಜಿಲ್ಲೆ, ಅಲ್ಲಿಂದ ಜನ ಗುಳೆ ಹೋಗ್ತಾರೆ. ಸೇತುವೆ ಬಂದರೆ ಅಭಿವೃದ್ಧಿ ತಾನಾಗಿ ಬರುತ್ತೆ ಅಂತ ಭಾಷಣ ಮಾಡೋರು ಈ ಬಸ್ಸನ್ನು ಒಮ್ಮೆ ನೋಡಬೇಕು. ದಾರಿ ಎರಡು ಕಡೆಗೂ ಇರುತ್ತೆ. ಆಚೆಯಿಂದ ಆಸ್ಪತ್ರೆ, ಕಾಲೇಜು, ಕಾರ್ಖಾನೆ ಬರದೇ ಹೋದರೆ, ಈಚೆಯಿಂದ ಜನ ಹೋಗ್ತಾರೆ. ಅದು ಸೇತುವೆ ತಪ್ಪಲ್ಲ. ಅದು ದಾರಿ ಕೊಟ್ಟಿದೆ. ಆ ದಾರಿಯಲ್ಲಿ ಏನು ತರಬೇಕು ಅನ್ನೋದು ನಮ್ಮನ್ನು ಆಳೋರ ಕೆಲಸ.

ಇನ್ನು ಇರೋ ಸೇತುವೆಗಳ ಆರೋಗ್ಯ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಗೋವಾ ಕಡೆಯ ಹೆದ್ದಾರಿ ಅದು. ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದ. ರಾತ್ರಿ ಆಗಿದ್ದಕ್ಕೆ ಒಂದು ಲಾರಿಗೆ ಮುಗೀತು. ಹಗಲಾಗಿದ್ದಿದ್ದರೆ? ರಾಯಚೂರು–ಹೈದರಾಬಾದ್ ದಾರಿಯಲ್ಲಿ ದೇವಸೂಗೂರಿನ ಹತ್ತಿರ ನಿಜಾಮರ ಕಾಲದ ಸೇತುವೆ ಇದೆ, ಕೃಷ್ಣೆ ಮೇಲೆಯೇ. ಎತ್ತಿನ ಗಾಡಿ, ಸಣ್ಣ ಲಾರಿಗಳ ಕಾಲದಲ್ಲಿ ಕಟ್ಟಿದ್ದು. ಅದು ಈಗಿನ ಹತ್ತಾರು ಗಾಲಿಯ ಲಾರಿಗಳನ್ನು ಹೊತ್ತುಕೊಂಡು ಸುಸ್ತಾಗಿದೆ. ಕೃಷ್ಣೆ ಮರಳು ತುಂಬಿದ ಟಿಪ್ಪರ್‌ಗಳು ಈ ಸೀಮೆಯ ರಸ್ತೆಗಳಲ್ಲಿ ಹೇಗೆ ಓಡ್ತಾವೆ ಅಂತ ಅಲ್ಲಿನವರಿಗೆ ನಾನು ಹೇಳಬೇಕಾಗಿಲ್ಲ. ಮರಳಿನಿಂದ ಸೇತುವೆಗೆ ಎರಡು ಕಡೆಯಿಂದ ಪೆಟ್ಟು. ಮೇಲೆ ಟಿಪ್ಪರ್‌ನ ಭಾರ. ಕೆಳಗೆ ಕಂಬದ ಬುಡದ ಹತ್ತಿರ ಮರಳು ತೆಗೆದರೆ, ಹೊಳೆ ಬಂದಾಗ ನೀರು ಆ ಬುಡವನ್ನೇ ಕೊರೆಯುತ್ತೆ. ಸೇತುವೆ ಬೀಳೋದು ಬಹಳ ಸಲ ಮೇಲಿಂದಲ್ಲ, ಬುಡದಿಂದ.

ಮುಂದೆ ರೈಲು ಬರೋದಿದೆ. ಗದಗ–ವಾಡಿ ಮಾರ್ಗ. ಗದಗಿನಿಂದ ಕುಷ್ಟಗಿ, ಲಿಂಗಸುಗೂರು, ಸುರಪುರ, ಶಹಾಪುರ ಮೇಲೆ ವಾಡಿಗೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂತು. ಜನ ಹಬ್ಬ ಮಾಡಿದರು. ಆ ರೈಲು ಸುರಪುರಕ್ಕೆ ಬರಬೇಕಂದ್ರೆ ಕೃಷ್ಣೆ ದಾಟಲೇಬೇಕು. ಮತ್ತೊಂದು ದೊಡ್ಡ ಸೇತುವೆ ಬೇಕೇ ಬೇಕು. ಅದು ಬಂದ ದಿನ ಸುರಪುರದ ಹತ್ತಿ, ಅಕ್ಕಿ, ತೊಗರಿ ರೈಲಿನಲ್ಲಿ ಹೋಗುತ್ತೆ. ಬೇಗ ಬರಲಿ ಅಂತ ನಾನೂ ಕಾಯ್ತಾ ಇದ್ದೀನಿ.

ಹಾಗಾದ್ರೆ ಏನು ಮಾಡಬೇಕು? ನಾನು ಮೂರೇ ಮಾತು ಹೇಳ್ತೀನಿ.

ಒಂದು. ನಾರಾಯಣಪುರದಿಂದ ಕೆಳಗೆ ಕೃಷ್ಣೆ ಮೇಲಿರೋ ಪ್ರತಿ ಸೇತುವೆ ಎಷ್ಟು ಕ್ಯುಸೆಕ್‌ಗೆ ಮುಳುಗುತ್ತೆ ಅನ್ನೋದನ್ನು ಸೇತುವೆಯ ಎರಡೂ ತುದಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೀರಿ. ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ ಅಂತ ಜನಕ್ಕೆ ಮೊಬೈಲಿನಲ್ಲೇ ಸುದ್ದಿ ಬರುತ್ತೆ. ಎರಡೂ ಗೊತ್ತಿದ್ದರೆ ಹೆರಿಗೆಗೆ ಹೋಗಬೇಕಾದವರು, ಪರೀಕ್ಷೆ ಬರೆಯಬೇಕಾದ ಮಕ್ಕಳು ಒಂದು ದಿನ ಮೊದಲೇ ಹೊರಡ್ತಾರೆ. ಇದಕ್ಕೆ ಕೋಟಿ ಬೇಡ, ಒಂದು ಡಬ್ಬಿ ಬಣ್ಣ ಸಾಕು.

ಎರಡು. ಮುಳುಗುವ ಸೇತುವೆಗಳ ಪಕ್ಕ ಎತ್ತರದ ಸೇತುವೆ ಕಟ್ಟಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಬಜೆಟ್‌ನಲ್ಲಿ ಘೋಷಣೆ ಆಗ್ತಾ ಇದೆ. 371(ಜೆ) ಬಂದು ದಶಕವೇ ಆಯ್ತು. ಈ ದುಡ್ಡಿನಲ್ಲಿ ಮೊದಲ ಪಾಲು ಯಾರಿಗೆ? ಸಮುದಾಯ ಭವನಕ್ಕಾ, ಸ್ವಾಗತ ಕಮಾನಿಗಾ, ಇಲ್ಲಾ ಹೊಳೆ ದಾಟೋಕೆ ಆಗದೆ ಕೂತ ಜನಕ್ಕಾ? ಸೇತುವೆ ಮಂಜೂರು ಮಾಡುವಾಗ ಉದ್ದ ಎಷ್ಟು, ಖರ್ಚೆಷ್ಟು ಅಂತ ಕೇಳ್ತೀರಿ. ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: 2019ರಷ್ಟು ನೀರು ಮತ್ತೆ ಬಂದರೆ ಇದರ ಮೇಲೆ ಅಂಬುಲೆನ್ಸ್ ಹೋಗುತ್ತಾ?

ಮೂರು. ತಿಂಥಣಿಯೂ ಸೇರಿದಂತೆ ಇರೋ ಸೇತುವೆಗಳನ್ನು ಪ್ರತಿ ಮಳೆಗಾಲದ ಮುಂಚೆ, ಹೊಳೆ ಇಳಿದ ಮೇಲೆ, ಎರಡು ಸಲ ಪರೀಕ್ಷೆ ಮಾಡಿ. ಕಂಬದ ಬುಡ ನೋಡಿ. ವರದಿಯನ್ನು ಕಡತದಲ್ಲಿ ಮುಚ್ಚಿಡಬೇಡಿ, ಜನಕ್ಕೆ ತೋರಿಸಿ. ಸೇತುವೆ ಹತ್ತಿರ ಮರಳಿಗೆ ಕೈ ಹಾಕೋರನ್ನು ಒದ್ದು ಓಡಿಸಿ, ಅವರು ಯಾರ ಕಡೆಯವರೇ ಆಗಿರಲಿ.

ಇದೇನು ದೊಡ್ಡ ಬೇಡಿಕೆಯಾ ವೀಕ್ಷಕರೇ? ಬೆಂಗಳೂರಿನಲ್ಲಿ ಒಂದು ಫ್ಲೈಓವರ್ ನಾಲ್ಕು ದಿನ ಮುಚ್ಚಿದರೆ ವಾರಗಟ್ಟಲೆ ಚರ್ಚೆ ಆಗುತ್ತೆ. ಆಗಬೇಕು, ತಪ್ಪಲ್ಲ. ಹೂವಿನಹೆಡಗಿಯಲ್ಲಿ ಸೇತುವೆ ಮುಳುಗಿದರೆ ಪರದೆ ಮೇಲೆ ಒಂದು ಸುಂದರವಾದ ಡ್ರೋನ್ ಚಿತ್ರ ಬರುತ್ತೆ. ಕೆಂಪು ನೀರು, ಮಧ್ಯೆ ಕಾಣದ ಸೇತುವೆ. ನೋಡೋಕೆ ಚೆನ್ನಾಗಿರುತ್ತೆ. ಮುಂದಿನ ಸಲ ಆ ಚಿತ್ರ ಕಂಡಾಗ ಒಂದು ಕ್ಷಣ ನೆನಪು ಮಾಡ್ಕೊಳ್ಳಿ. ಆ ನೀರಿನ ಎರಡೂ ದಡದಲ್ಲಿ ಜನ ನಿಂತಿರ್ತಾರೆ. ಅವರಲ್ಲಿ ಒಬ್ಬರ ಕೈಯಲ್ಲಿ ಆಸ್ಪತ್ರೆಯ ಚೀಟಿ ಇರುತ್ತೆ.

ತಿಂಥಣಿಯ ಜನ ಸೇತುವೆಯ ಹೆಸರನ್ನೇ ಊರಿಗೆ ಇಟ್ಟುಕೊಂಡರು. ಗಡ್ಡಿಗಳ ಜನ, ಕೊಳ್ಳೂರಿನ ಜನ, ಹಿರೇರಾಯನಕುಂಪಿಯ ಜನ ಕೇಳ್ತಿರೋದು ಹೆಸರಲ್ಲ. ಆಗಸ್ಟ್ ತಿಂಗಳಲ್ಲೂ ದಾಟೋಕೆ ಆಗೋ ಒಂದು ದಾರಿ.

ಯೋಚನೆ ಮಾಡಿ. ನಿಮ್ಮ ಶಾಸಕರು ಸಿಕ್ಕರೆ ಕೇಳಿ.